ಫೋನಿನೊಳಗಿನ ಮಗ

ಅಣ್ಣನ ಮನೆ ಕ್ರೋಂಪೇಟೆಯಲ್ಲಿ. ಟಿ. ನಗರದ ನಮ್ಮ ಮನೆಗೆ ಎಲೆಕ್ಟ್ರಿಕ್ ರೈಲಿನಲ್ಲಿ ಅರ್ಧ ಗಂಟೆ ಸಾಕು. ಅಮ್ಮನಿಗೆ ಮರೆವಿನ ಕಾಯಿಲೆ ಹತ್ತಿದ ಮೇಲೆ ಅವನು ಬರುವುದನ್ನು ಬಿಟ್ಟು ಒಂದು ಮೊಬೈಲ್ ಕಳಿಸಿದ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಮ್ಮ ಬೀದಿಯಲ್ಲಿ ಮೊಬೈಲ್ ಇದ್ದ ಮುದುಕಿ ಅವಳೊಬ್ಬಳೇ.

ಸಂಜೆಯಾದರೆ ಅಮ್ಮ ಮನೆಗೆ ಹೋಗಬೇಕೆಂದು ಬಾಗಿಲು ಬಡಿಯುತ್ತಿದ್ದಳು. ತಡೆದರೆ ನನ್ನ ಕೈ ಪರಚುತ್ತಿದ್ದಳು. ಅಷ್ಟರಲ್ಲಿ ಅಣ್ಣನ ಫೋನ್ ಬರುತ್ತಿತ್ತು. "ಅಮ್ಮಾ, ಸಾಪಾಟು ಆಯ್ತಾ?" ಎಂದರೆ ಸಾಕು, ಹಸುವಿನಂತೆ ಕೂತುಬಿಡುವಳು. ಅದರಿಂದ ಉಪಕಾರವಾಗಲಿಲ್ಲ ಎಂದು ಸುಳ್ಳು ಹೇಳಲಾರೆ. ಆದರೂ ಮೈ ಉರಿಯುತ್ತಿತ್ತು. ಮೀಯಿಸಿ, ಸೀರೆ ಉಡಿಸಿ, ಬೈಸಿಕೊಳ್ಳುವವಳು ನಾನು. ದೂರದ ಬೆಟ್ಟ ನುಣ್ಣಗೆ! ಶನಿವಾರದ ಭಜನೆಯ ಹೆಂಗಸರಂತೂ, "ದಿನಾ ಫೋನ್ ಮಾಡ್ತಾನಲ್ಲ, ಅಂಥ ಮಗನ್ನ ಹೆರಕ್ಕೆ ಪುಣ್ಯ ಬೇಕು" ಎಂದು ನಾನು ಮಾಡಿಕೊಟ್ಟ ಕಾಫಿ ಕುಡಿಯುತ್ತಲೇ ಹೇಳುತ್ತಿದ್ದರು.

ನನಗೆ ಸೊಂಟ ಹಿಡಿದು ಏಳಲಾಗದಂತಾದಾಗ, ಒಂದು ತಿಂಗಳಾದರೂ ಅಮ್ಮನನ್ನು ಇಟ್ಟುಕೋ ಎಂದು ಜಗಳವಾಡಿ ಅವನನ್ನು ಕರೆಸಿದೆ. ಭಾನುವಾರ ಸಂಜೆ ಬಂದ. ಅವಳ ಸೀರೆಗಳನ್ನು ಆಗಲೇ ಚೀಲಕ್ಕೆ ತುಂಬಿಟ್ಟಿದ್ದೆ.

ಅಮ್ಮ ಅವನ ನರೆತ ತಲೆಯನ್ನು ದಿಟ್ಟಿಸಿದಳು. "ಯಾರ್ರೀ ನೀವು?"

"ನಾನಮ್ಮಾ, ನಿನ್ ಮಗ. ಬಾ, ನಮ್ಮನೆಗೆ ಹೋಗೋಣ."

"ಅಪ್ಪುರಂ, ಆಮೇಲೆ ಬನ್ನಿ. ಈಗ ನನ್ ಮಗ ಫೋನ್ ಮಾಡೋ ಹೊತ್ತು."

ಅವನು ಕೈ ಹಿಡಿದು ಎಬ್ಬಿಸಲು ಹೋದ. ಪರಚಿಬಿಟ್ಟಳು. ಅನುಭವಿಸಲಿ ಎಂದು ನಾನು ಸುಮ್ಮನೆ ನೋಡುತ್ತಿದ್ದೆ. ಪೆಚ್ಚಾಗಿ ಹೊರಗೆ ಮೆಟ್ಟಿಲ ಬಳಿ ಹೋದವನು ಅಲ್ಲಿಂದಲೇ ಫೋನ್ ಮಾಡಿದ. ಅವನ ಮಾತಿಗಾದರೂ ಹೊರಟಾಳು ಎಂಬ ಆಸೆಯಿಂದ ನಾನೇ ಗುಂಡಿ ಒತ್ತಿ ಅವಳ ಕಿವಿಗಿಟ್ಟೆ.

"ಕಂದಾ, ಯಾರೋ ಬಂದು ನನ್ನ ಎಳ್ಕೊಂಡು ಹೋಗ್ತಾನಂತೆ ಕಣೋ" ಎಂದು ಅಮ್ಮ ಅತ್ತಳು.

ಬಾಗಿಲಾಚೆಯಿಂದಲೂ ಫೋನಿನಿಂದಲೂ ಅದೇ ದನಿ ಕೇಳಿತು: "ಬೇಡಮ್ಮಾ, ನೀನೆಲ್ಲೂ ಹೋಗ್ಬೇಡ. ಅಲ್ಲೇ ಇರು."

ಆ ಮಾತಿಗೆ ಅವನನ್ನು ಇವತ್ತಿಗೂ ಕ್ಷಮಿಸಿಲ್ಲ. ಅವನು ಮೆಟ್ಟಿಲಿಳಿದು ಹೋದ ಸದ್ದೂ ಫೋನಿನಲ್ಲಿ ಕೇಳಿತು. ಅಮ್ಮ ಕಣ್ಣೊರೆಸಿಕೊಂಡು ಚೀಲ ತೋರಿಸಿದಳು.

"ಬಿಚ್ಚಿಡೇ ಅದನ್ನ. ನನ್ ಮಗ ಹೇಳಿದಾನೆ."