ಸಂತೋಷದಿಂದ ಬಿಟ್ಟ ಹಕ್ಕು

ನಾನು ಹುನಗುಂದದಲ್ಲಿ ದಸ್ತಾವೇಜು ಬರೆಯುತ್ತಿದ್ದ ಕಾಲ. ಅಣ್ಣ ತಂಗಿಗೆ ಹೊಸ ಇಳಕಲ್ ಸೀರೆ ಉಡಿಸಿ ಕರೆತರುವುದು, ಆಕೆ ಅಪ್ಪನ ಹೊಲದಲ್ಲಿ ತನ್ನ ಪಾಲು ಬಿಟ್ಟುಕೊಟ್ಟು ಹೆಬ್ಬೆಟ್ಟು ಒತ್ತುವುದು ಅಲ್ಲಿಯ ರೂಢಿ. ಒಂದು ದಿನ ಅಂಥದೇ ಪತ್ರವನ್ನು ಒಬ್ಬಾಕೆಗೆ ಓದಿ ಹೇಳಿದೆ: "ನನ್ನ ಹಕ್ಕನ್ನು ಸಂತೋಷದಿಂದ ಬಿಟ್ಟಿರುತ್ತೇನೆ."

"ನನಗ ಸಂತೋಷ ಆಗೇತಿ ಅಂತ ನಿಮಗ ಯಾರ ಹೇಳ್ಯಾರ್ರಿ?" ಎಂದಳು.

ಹೇಳಿದವನು ಅಣ್ಣ. "ಎಲ್ಲಾರೂ ಹಂಗ ಬರಸ್ತಾರ. ಸುಮ್ಮ ಒತ್ತವಾ," ಎಂದ.

ಆಕೆ ಕೈಗೆ ಸೆರಗು ಸುತ್ತಿಕೊಂಡಳು. "ಒತ್ತೂದಿಲ್ಲ."

"ಹಂಗಾರ ನಾ ತಂದ ಸೀರಿ ಯಾಕ ಉಟ್ಟಿ?"

"ಸೀರಿ ನೀ ಕೊಟ್ಟಿದ್ದು, ಉಟ್ಟೇನಿ. ಹೊಲ ಅಪ್ಪಂದು, ಬಿಡೂದಿಲ್ಲ."

ನಾನು ಮಸಿಯ ಡಬ್ಬಿ ಮುಚ್ಚಿದೆ. ಅವರ ಊರಿಗಿದ್ದದ್ದು ಒಂದೇ ಬಸ್ಸು, ಇಬ್ಬರೂ ಅದನ್ನೇ ಹತ್ತಿದರು. ಜಗಳಾಡಿದವರಿಗೆ ಬೇರೆ ಬಸ್ಸು ಬಿಡಬೇಕೆಂಬ ಕಾನೂನು ಇನ್ನೂ ಬಂದಿಲ್ಲ.