ಮುನಿಸ್ವಾಮಿಯವರ ಗುರುವಾರ

ನಿನ್ನೆ ಬಂದ ಲಕೋಟೆಯ ಅಂಟು ಒಂದು ಕಡೆ ದಪ್ಪಗಿತ್ತು. ಯಾರಾದರೂ ಬಿಚ್ಚಿ ಮತ್ತೆ ಅಂಟಿಸಿದ್ದಾರೆಯೇ ಎಂದು ಕಿಟಕಿಯ ಬೆಳಕಿಗೆ ಹಿಡಿದು ಕಾಲು ಗಂಟೆ ನೋಡಿದೆ. ಒಳಗಿದ್ದದ್ದು ತಂಗಿಯ ಮೊಮ್ಮಗನ ನಾಮಕರಣದ ಕರೆ. ನಗಬೇಡಿ, ಹಳೆಯ ಕೆಲಸದ ಚಾಳಿ.

ಯುದ್ಧದ ವರ್ಷಗಳಲ್ಲಿ ದಂಡು ಪ್ರದೇಶದ ಒಂದು ಬಂಗಲೆಯಲ್ಲಿ ಸಿಪಾಯಿಗಳ ಕಾಗದ ಓದುವ ಗುಮಾಸ್ತನಾಗಿದ್ದೆ. ಊರಿನ ಹೆಸರು, ಹಡಗು, ರೈಲಿನ ಹೊತ್ತು ಕಂಡರೆ ಬ್ಲೇಡಿನಿಂದ ಕತ್ತರಿಸಬೇಕು. ಕನ್ನಡ ನನಗೆ, ತಮಿಳು ಹಲಸೂರಿನ ಮುನಿಸ್ವಾಮಿಯವರಿಗೆ. ಇಬ್ಬರಿಗೂ ಒಂದೇ ಮೇಜು. "ಎಲ್ಲರೂ ಕ್ಷೇಮ" ಎಂಬುದರಲ್ಲೂ ಗುಟ್ಟಿನ ಸುದ್ದಿ ಅಡಗಿರಬಹುದು, ಎರಡು ಸಲ ಓದಿ ಎಂದಿದ್ದರು ಸಾಹೇಬರು. ನಾನು ಮೂರು ಸಲ ಓದುತ್ತಿದ್ದೆ, ಅದನ್ನು ಜಾಣತನವೆಂದುಕೊಂಡಿದ್ದೆ.

ಮುನಿಸ್ವಾಮಿ ಗುರುವಾರದ ಮಧ್ಯಾಹ್ನಗಳಲ್ಲಿ ರಜೆ ಕೇಳತೊಡಗಿದರು. ಕಾರಣ ಹೇಳುತ್ತಿರಲಿಲ್ಲ. ಹೆಡ್ ಗುಮಾಸ್ತರು ನನ್ನನ್ನು ಕರೆದು, "ಆ ಮನುಷ್ಯ ಎಲ್ಲಿಗೆ ಹೋಗ್ತಾನೆ, ಯಾರ ಹತ್ರ ಮಾತಾಡ್ತಾನೆ, ನೋಡ್ಕೊಂಡ್ ಬಂದು ಬರೆದುಕೊಡ್ರೀ," ಎಂದರು. ನನಗೆ ಒಳಗೊಳಗೆ ಖುಷಿಯೇ ಆಯಿತು.

ಅವರ ಜಟಕಾದ ಹಿಂದೆ ಇನ್ನೊಂದು ಜಟಕಾ ಹಿಡಿದೆ. ಊರಿನ ಆ ತುದಿಯಲ್ಲಿ, ಜನ ಹುಚ್ಚಾಸ್ಪತ್ರೆ ಎನ್ನುತ್ತಿದ್ದ ಕಟ್ಟಡದೊಳಗೆ ಹೋಗಿ ಬೆಂಚಿನ ಮೇಲೆ ಕುಳಿತರು. ಯಾರೋ ಬಂದು ಅವರಿಂದ ಗುಟ್ಟಿನ ಚೀಟಿ ಪಡೆಯುತ್ತಾರೆಂದು ಕಂಬದ ಮರೆಯಲ್ಲಿ ಕಾದೆ.

"ಬನ್ನಿ ಸಾರ್," ಎಂದರು ತಿರುಗದೆಯೇ. "ನಿಮ್ಮ ಕುದುರೆ ದಂಡಿನಿಂದ್ಲೇ ಕೆಮ್ತಾ ಬಂತು."

"ಯಾರನ್ನ ನೋಡಕ್ಕೆ ಬಂದ್ರಿ?"

"ಡಾಕ್ಟರನ್ನ. ನನಗೇ ತೋರಿಸ್ಕೊಳಕ್ಕೆ. ಹೆಂಡ್ತಿ ಉಪ್ಪು ತೀರ್ತು ಅಂದ್ರೂ, ಇದ್ರಲ್ಲಿ ಯಾರಿಗೋ ಏನೋ ಸುದ್ದಿ ಇದೆ ಅನ್ಸತ್ತೆ. ಅದು ತಪ್ಪು ಅಂತ ನಂಗೆ ಇನ್ನೂ ಗೊತ್ತಾಗ್ತಿದೆ. ಗೊತ್ತಾಗ್ತಿರೋವಾಗ್ಲೇ ಬಂದ್ಬಿಟ್ಟೆ."

ಪಕ್ಕದಲ್ಲಿ ಜಾಗ ಖಾಲಿಯಿತ್ತು. ನಾನು ಕುಳಿತುಕೊಳ್ಳಲಿಲ್ಲ. ಅವರ ಮಾತನ್ನು ಅರ್ಧ ನಂಬಿದೆ. ಮಿಕ್ಕರ್ಧಕ್ಕೆ ಡಾಕ್ಟರು ಅವರ ಹೆಸರು ಕೂಗುವ ತನಕ ಕಾದೆ.

ನಿಜ ಬರೆದರೆ ಅವರ ಕೆಲಸ ಹೋಗುತ್ತಿತ್ತು. ಅಲ್ಲಿಗೆ ಹೋಗುವವನ ಕೈಗೆ ಕಾಗದ ಯಾರು ಕೊಡುತ್ತಾರೆ? ಹಲ್ಲುನೋವು, ವಾರಕ್ಕೊಮ್ಮೆ ಔಷಧಿ, ಎಂದು ಬರೆದೆ. ಬಹಳ ಉಪಕಾರ ಮಾಡಿದೆನೆಂದುಕೊಂಡೆ. ನಮ್ಮ ಸಾಹೇಬರು ದಯಾಳು. ವರದಿ ಓದಿದವರೇ ಮುನಿಸ್ವಾಮಿಯವರನ್ನು ಪಲ್ಟನ್ನಿನ ಹಲ್ಲಿನ ಡಾಕ್ಟರ ಬಳಿ ಕಳಿಸಿಬಿಟ್ಟರು. ಸೋಮವಾರ ಅವರು ಬಾಯಲ್ಲಿ ಹತ್ತಿ ಇಟ್ಟುಕೊಂಡು ಬಂದರು.

"ಯಾವ ಹಲ್ಲು ಅಂತ ಕೇಳಿದ್ರು ಸಾರ್. ತೋರಿಸ್ಬೇಕಲ್ಲ? ಒಂದು ತೋರಿಸ್ದೆ."

"ಅಯ್ಯೋ, ನೋವಿಲ್ಲ ಅನ್ನಬಾರ್ದಾಗಿತ್ತೇನ್ರೀ?"

"ಅಂದಿದ್ರೆ ಗುರುವಾರದ ರಜೆ ಹೋಗ್ತಿತ್ತು. ಇನ್ನೂ ಮೂರು ಅಲ್ಲಾಡ್ತಿವೆ ಅಂತ ಹೇಳ್ಬಂದಿದೀನಿ."

ಆ ಮೂರೂ ಗಟ್ಟಿಯಾಗಿದ್ದವು. ಗುರುವಾರಗಳು ಉಳಿದವು. ಕೆಲವು ತಿಂಗಳ ಮೇಲೆ ಒಂದು ದಿನ ಬ್ಲೇಡು ಕೆಳಗಿಟ್ಟು, "ನಿನ್ನೆ ಮತ್ತೆ ಉಪ್ಪು ತೀರ್ತು ಅಂದ್ಲು ಸಾರ್. ಅಂಗಡೀಗ್ ಹೋಗಿ ತಂದೆ, ಅಷ್ಟೇ," ಎಂದರು. ನಾನು ನಕ್ಕೆ. ನನ್ನ ಮನೆಯಲ್ಲಿ ಯಾರು ಏನು ಹೇಳಿದರೂ ನಾನು ಇನ್ನೂ ಮೂರು ಸಲ ಕೇಳಿಸಿಕೊಳ್ಳುತ್ತಿದ್ದೆನೆಂದು ಅವರಿಗೆ ಹೇಳಲಿಲ್ಲ. ಆಮೇಲೂ ಯಾರಿಗೂ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಅಂಗಿ ಹಾಕಿಕೊಂಡು ಹೊರಟೆ.

"ಎಲ್ಲಿಗಪ್ಪಾ?" ಎಂದಳು ಮಗಳು.

ಸುಳ್ಳೊಂದು ಸಿದ್ಧವಾಗಿತ್ತು. ಆದರೂ ಆ ಆಸ್ಪತ್ರೆಯ ಹೆಸರನ್ನೇ ಹೇಳಿದೆ. ನನಗೇ ತೋರಿಸಿಕೊಳ್ಳುವುದಕ್ಕೆ ಎಂದೂ ಹೇಳಿದೆ. ಅವಳು ನನ್ನ ಮುಖ ನೋಡಿದಳು, ಕೈ ನೋಡಿದಳು.

"ತಡಿ, ನಾನೂ ಬರ್ತೀನಿ."

ಜೊತೆಗೋ, ಕಾವಲಿಗೋ, ತಿಳಿಯಲಿಲ್ಲ. ಬಾ ಎಂದೆ.