ವೀರನ ಹೆಗಲ ಕಂಬಳಿ

ಎಂ.ಎ. ಮುಗಿಸಿ ಧಾರವಾಡದಿಂದ ವಿಜಾಪುರಕ್ಕೆ ಮರಳಿದ ವರ್ಷ ನನಗೆ ಪ್ರತಿಯೊಬ್ಬರಿಂದಲೂ ಉತ್ತರ ಬೇಕಿತ್ತು: ನಗರಸಭೆಯಿಂದ, ಮಂತ್ರಿಗಳಿಂದ, ದೇವರಿಂದ. ರೈಲು ನಿಲ್ದಾಣದಲ್ಲಿ ಕೊಂಡ ಇಂಗ್ಲಿಷ್ ಚಿತ್ರಕಥೆಯ ಹಾರುವ ವೀರನನ್ನೂ ಬಿಡಲಿಲ್ಲ. ಒಬ್ಬ ಕಳ್ಳನನ್ನು ಹಿಡಿಯಲು ಅವನು ಇಡೀ ಓಣಿಯ ಗೋಡೆಗಳನ್ನು ಕೆಡವುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಗೋಡೆ ಕಟ್ಟಿದ ಗೌಂಡಿ ಮಾತ್ರ ಯಾವ ಚಿತ್ರದಲ್ಲೂ ಇರಲಿಲ್ಲ. ಈ ಬಲವನ್ನು ಇವನಿಗೆ ಕೊಟ್ಟವರಾರು? ಇವನು ಉತ್ತರಿಸಬೇಕಾದದ್ದು ಯಾರಿಗೆ?

ನಮ್ಮ ಪುಸ್ತಕ ಹುಟ್ಟಿದ್ದು ಆ ಸಿಟ್ಟಿನಿಂದ. ವೀರನ ಹುಟ್ಟಿನ ಕಥೆಯನ್ನು ನಾನು ಹೊಸದಾಗಿ ಬರೆದೆ. ಗೋಳಗುಮ್ಮಟದ ಬಳಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಗೆಳೆಯ ಚಿತ್ರ ಬಿಡಿಸಿದ. ನಮ್ಮ ವೀರ, ಬಬಲೇಶ್ವರದ ಕಡೆಯ ಎರೆಹೊಲದಲ್ಲಿ ಕುರಿ ಕಾಯುವ ಹೆಂಗಸೊಬ್ಬಳಿಗೆ ಸಿಕ್ಕ ಕೂಸು. ಆ ಸಾಕುತಾಯಿಗೆ ಗೆಳೆಯ, ತಿಕೋಟಾದಲ್ಲಿದ್ದ ತನ್ನ ಅವ್ವನ ಮುಖವನ್ನೇ ಕೊಟ್ಟಿದ್ದ. ಅರವತ್ತು ಪುಟಗಳಲ್ಲಿ ನಲವತ್ತರಲ್ಲಿ ಅವಳಿದ್ದಳು. ಅಚ್ಚಿಗೆ ಕೊಡುವ ಮುನ್ನ ಗೆಳೆಯನ ಅವ್ವ ಒಪ್ಪಲೇಬೇಕೆಂದು ನಾನು ಹಟ ಹಿಡಿದೆ.

"ಒಲ್ಲೆ ಅಂದ್ರ?" ಗೆಳೆಯ ಕೇಳಿದ.

"ಹರಿದು ಒಗಿಯೂದು."

ಹೇಳುವುದು ಸುಲಭವಾಗಿತ್ತು. ತಿಕೋಟಾಕ್ಕೆ ಹೊರಟ ಅಥಣಿ ರಸ್ತೆಯ ಬಸ್ಸಿನಲ್ಲಿ ಹಾಳೆಗಳ ಕಟ್ಟನ್ನು ಕೂಸಿನಂತೆ ಅಪ್ಪಿಕೊಂಡು ಕುಳಿತಿದ್ದೆ.

ಅವ್ವ ಪಡಸಾಲೆಯಲ್ಲಿ ಉಣ್ಣೆ ಹಿಂಜುತ್ತಿದ್ದಳು. ಅಕ್ಷರ ಬಾರದ ಆಕೆ ಕೈಯೊರೆಸಿಕೊಂಡು ಚಿತ್ರಗಳನ್ನು ಒಂದೊಂದಾಗಿ ನೋಡಿದಳು.

"ನನ್ನ ಮೂಗು ದೊಡ್ಡದ ಮಾಡೀಯಲ್ಲೋ."

"ಇದ್ದಾಂಗ ತಗದೇನಿ ಬೇ."

"ನಿನ್ನ ಮಾರಿ ಮ್ಯಾಲೂ ಅದ ಮೂಗು ಐತಿ, ತಡಿಲೇ."

ನಕ್ಕೆವು. ಮುಂದಿನ ಹಾಳೆಯಲ್ಲಿ ಆಕೆಯ ಬೆರಳು ನಿಂತಿತು. ಅಲ್ಲಿ ವೀರ ಕೊರಳಿಗೆ ಕಂಬಳಿ ಕಟ್ಟಿಕೊಂಡು, ಓಣಿಯ ಗೋಡೆ ಕೆಡವಿ, ಗುಮ್ಮಟದ ಮೇಲೆ ಹಾರುತ್ತಿದ್ದ; ಕಂಬಳಿ ಹಿಂದೆ ಪಟಪಟಿಸುತ್ತಿತ್ತು.

"ಇದನ್ನ ಯಾರು ಕಟ್ಟ್ಯಾರ?"

"ನೀನ ಬೇ. ಆಮ್ಯಾಲ ಅವಗ ಹಾರೂ ಶಕ್ತಿ ಬರ್ತೈತಿ."

"ನಾ ಕಟ್ಟಾಂಗಿಲ್ಲ. ಇದರಾಗ ನನ್ನ ಮಾರಿ ಬ್ಯಾಡ."

ಜನಸಾಮಾನ್ಯರ ವೀರ, ಅಧಿಕಾರದ ಪ್ರಶ್ನೆ ಎಂದು ನಾನು ಸಾಕಷ್ಟು ದೊಡ್ಡ ಮಾತುಗಳನ್ನಾಡಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು.

"ಮಾತು ಚಲೋ ಅದಾವ, ಯಪ್ಪಾ. ಆದ್ರ ಇಂವ ಗ್ವಾಡಿ ಕೆಡವ್ಯಾನಲ್ಲ, ಆಮ್ಯಾಲ ಯಾರ ಮುಂದ ನಿಂತಾನ? ನಮ್ಮಾಗ ತಂಟೆ ಆದ್ರ ಮೊದಲ ಕಂಬಳಿ ಹಾಸ್ತೀವಿ. ಹಿರ್ಯಾರು ಅದರ ಮ್ಯಾಲ ಕುಂದರ್ತಾರ. ತಪ್ಪು ಮಾಡಿದಂವ ಮುಂದ ನಿಂತು ಹೇಳ್ತಾನ. ಅದರ ಮುಂದ ಸುಳ್ಳು ಹೇಳಾಂಗಿಲ್ಲ. ನೀವು ನೋಡಿದ್ರ ಅದನ್ನ ಬಾಲ ಮಾಡೀರಿ."

ಊರೆಲ್ಲರಿಂದ ಉತ್ತರ ಕೇಳುತ್ತಿದ್ದ ನಾನು ಆ ಹಾಳೆಯನ್ನು ಕಟ್ಟಿನಿಂದ ಹೊರಗೆ ಎತ್ತಿಟ್ಟೆ. ಗೆಳೆಯ ಹೊಸ ಹಾಳೆ ತೆಗೆದ. ಪೆನ್ಸಿಲ್ಲಿನಡಿ ವೀರ ನೆಲಕ್ಕಿಳಿದು ಕಂಬಳಿ ಹಾಸಿದ. ಅದರ ಮೇಲೆ, ಇಂಗ್ಲಿಷ್ ಪುಸ್ತಕದಲ್ಲಿ ಕಾಣದಿದ್ದ ಗೌಂಡಿ ಕುಳಿತ, ಪಕ್ಕದಲ್ಲಿ ಸಾಕುತಾಯಿ. ಎದುರಿಗೆ ವೀರ ನಿಂತ.

"ಬೂಟು ಬಿಡಸಲೇ ಅವಗ," ಅಂದಳು ಅವ್ವ.

ಬೂಟುಗಳು ಅಂಚಿನಲ್ಲಿ ಜೋಡಿಯಾಗಿ ನಿಂತವು. ಆಕೆ ಇನ್ನೂ ಹೂಂ ಅಂದಿರಲಿಲ್ಲ. ಎದ್ದು ಒಳಗಿನಿಂದ ಕರಿಕಂಬಳಿಯೊಂದನ್ನು ತಂದು ಪಡಸಾಲೆಯಲ್ಲಿ ಹಾಸಿ, ಅದರ ನಡುವೆ ತಾನೇ ಕುಳಿತಳು.

"ಈಗ ಇಬ್ಬರೂ ಹೇಳ್ರಿ. ನನ್ನ ಕೇಳದ ನನ್ನ ಮಾರಿ ಯಾಕ ತಗದ್ರಿ?"

ನಾವು ಚಪ್ಪಲಿ ಬಿಟ್ಟು ನಿಂತೆವು. ಗೆಳೆಯ, ತಾಯಿ ಎಂದೊಡನೆ ಕೈಗೆ ಬೇರೆ ಮುಖ ಬರಲಿಲ್ಲ ಎಂದ. ನಾನು, ಪುಸ್ತಕ ಚೆನ್ನಾಗಿ ಬರುತ್ತಿದ್ದ ಹುರುಪಿನಲ್ಲಿ ಕೇಳುವುದನ್ನೇ ಮುಂದೂಡಿದೆ ಎಂದೆ. ಎರಡೂ ನಿಜವಾಗಿದ್ದವು.

ಅವ್ವ ಎದ್ದು ಕಂಬಳಿ ಮಡಿಚಿದಳು.

"ಇರ್ಲಿ. ಮೂಗಷ್ಟ ಸಣ್ಣ ಮಾಡ್ರಿ. ಬರ್ರಿ, ರೊಟ್ಟಿ ತಿನ್ನೂಣು."

ಮುಂದಿನ ವಾರವೆಲ್ಲ ಗೆಳೆಯ ನಲವತ್ತು ಪುಟಗಳ ಮೂಗು ತಿದ್ದುತ್ತಾ ಕುಳಿತ. ನಾನು ಪಕ್ಕದಲ್ಲಿ ರಬ್ಬರು ಹಿಡಿದು, ಹಿಂದೆಂದೂ ಇರದಷ್ಟು ಹಾಯಾಗಿದ್ದೆ.